ನಿಷೇಧವಿದ್ದರೂ ತಿಮಿಂಗಿಲದ ಮಾಂಸ ಮಾರುಕಟ್ಟೆಗೆ ಬರುವುದು ಹೇಗೆ? ವಿರೋಧಿಸುವ ದೇಶಗಳು ಏನು ಮಾಡಿವೆ?

ಕಂಡಿಗಳು ತಿಮಿಂಗಿಲ ಬೇಟೆಯ ಅಂತರರಾಷ್ಟ್ರೀಯ ಒಪ್ಪಂದದೊಳಗೇ ಇವೆ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವಾಣಿಜ್ಯ ಬೇಟೆಯ ಮಿತಿಯನ್ನು ಸೊನ್ನೆ ಮಾಡಿತು. ಆದರೆ ನಿಗದಿತ ಅವಧಿಯೊಳಗೆ ಆಕ್ಷೇಪ ಸಲ್ಲಿಸಿದ ದೇಶಕ್ಕೆ ಅದು ಅನ್ವಯಿಸದು. ನಾರ್ವೆ ಇಂದಿಗೂ ಬೇಟೆಯಾಡುತ್ತಿರುವುದು ಅದೇ ಬಲದಲ್ಲಿ.

ಜಪಾನ್ ಹಿಡಿದದ್ದು 1946ರ ಅದೇ ಒಪ್ಪಂದದ 8ನೇ ವಿಧಿಯನ್ನು. ಸಂಶೋಧನೆಗೆ ಕೊಲ್ಲಲು ಯಾವುದೇ ಸರ್ಕಾರ ತಾನೇ ಪರವಾನಗಿ ಕೊಡಬಹುದು, ಕೊಂದದ್ದನ್ನು ಸಾಧ್ಯವಾದಷ್ಟು ಸಂಸ್ಕರಿಸಲೂಬೇಕು. ಹಾಗಾಗಿ 'ಸಂಶೋಧನೆ'ಯ ಮಾಂಸ ಕಾನೂನುಬದ್ಧವಾಗಿಯೇ ಅಂಗಡಿ ಸೇರುತ್ತಿತ್ತು.

2010ರಲ್ಲಿ ಆಸ್ಟ್ರೇಲಿಯಾ ಜಪಾನಿನ ಅಂಟಾರ್ಕ್ಟಿಕ್ 'ಸಂಶೋಧನೆ' ಬೇಟೆಯ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಜಪಾನಿನ ಕೈಕಟ್ಟಿದ್ದು ಅದರದೇ ಲೆಕ್ಕ: ಯೋಜನೆಯಲ್ಲಿ ವರ್ಷಕ್ಕೆ ಸುಮಾರು 850 ಮಿಂಕಿ, 50 ಫಿನ್, 50 ಹಂಪ್‌ಬ್ಯಾಕ್ ತಿಮಿಂಗಿಲಗಳು, ಏಳು ಋತುಗಳಲ್ಲಿ ಕೊಂದ ಫಿನ್ ಒಟ್ಟು 18, ಹಂಪ್‌ಬ್ಯಾಕ್ ಒಂದೂ ಇಲ್ಲ. ಮಾದರಿ ಇಷ್ಟು ಕಡಿಮೆಯಾದರೂ ಅಧ್ಯಯನ ನಡೆಯುತ್ತದೆಂದರೆ, ಮೊದಲ ಸಂಖ್ಯೆ ಯಾಕೆ ಬೇಕಿತ್ತು? 2014ರ ಮಾರ್ಚ್ 31ರಂದು 12-4 ಬಹುಮತದಲ್ಲಿ ಆಸ್ಟ್ರೇಲಿಯಾ ಗೆದ್ದಿತು.

ಗೆಲುವು ಆ ಒಂದು ಯೋಜನೆಗಷ್ಟೇ ಸೀಮಿತ. ಮರುವರ್ಷವೇ 333 ಮಿಂಕಿಗಳ ಹೊಸ ಯೋಜನೆ ಬಂತು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು, ಜುಲೈ 1ರಿಂದ ತನ್ನ ಜಲವಲಯದಲ್ಲಿ ಬಹಿರಂಗ ವಾಣಿಜ್ಯ ಬೇಟೆ ಶುರುಮಾಡಿತು. ಅಂಟಾರ್ಕ್ಟಿಕ್ ಬೇಟೆ ನಿಂತಿತು. ಅದು ಸಣ್ಣ ಲಾಭವೇನಲ್ಲ.

ದೇಶ ದೇಶಗಳ ನಡುವಿನ ಮಾಂಸದ ವ್ಯಾಪಾರ ಬೇರೆ ಕಾನೂನಿನದು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧ ಅದನ್ನು ತಡೆಯುತ್ತದಾದರೂ ಜಪಾನ್, ನಾರ್ವೆ, ಐಸ್‌ಲ್ಯಾಂಡ್ ಕೆಲವು ಪ್ರಭೇದಗಳಿಗೆ ವಿನಾಯಿತಿ ಕಾಯ್ದಿರಿಸಿಕೊಂಡಿವೆ. ಅವು ಪರಸ್ಪರ ಮಾರಿಕೊಂಡರೆ ಉಲ್ಲಂಘನೆಯಲ್ಲ. ಅಮೆರಿಕ 2011 ಮತ್ತು 2014ರಲ್ಲಿ ಪೆಲ್ಲಿ ತಿದ್ದುಪಡಿಯಡಿ (ಸಂರಕ್ಷಣಾ ಒಪ್ಪಂದಗಳನ್ನು ದುರ್ಬಲಗೊಳಿಸುವ ದೇಶಗಳ ಮೇಲೆ ವ್ಯಾಪಾರ ನಿರ್ಬಂಧಕ್ಕೆ ದಾರಿ ಮಾಡುವ ತನ್ನದೇ ಕಾನೂನು) ಐಸ್‌ಲ್ಯಾಂಡನ್ನು ತಪ್ಪಿತಸ್ಥನೆಂದು ಹೆಸರಿಸಿತು, ವ್ಯಾಪಾರ ನಿರ್ಬಂಧವನ್ನು ಮಾತ್ರ ಹೇರಲಿಲ್ಲ.