ಪೂನಾ ಹಾರ್ಸ್ ಅಂದರೆ ಪೇಶ್ವೆಯ ಕುದುರೆ ಪಡೆಯೇ?

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೂ ಪೂನಾ ಹಾರ್ಸ್‌ಗೂ ಏನು ಸಂಬಂಧ, ಅದು ಪೇಶ್ವೆಯ ಕುದುರೆ ಪಡೆಯೇ ಅಂತ ಕೇಳಿದ್ದೀರಿ. ಎರಡೂ ಬೇರೆ ಬೇರೆ. ನಮ್ಮೂರ ಕ್ಯಾಂಪಿನಲ್ಲಿರುವುದು ಕಾಲಾಳು ರೆಜಿಮೆಂಟಿನ ತರಬೇತಿ ಕೇಂದ್ರ. ಪೂನಾ ಹಾರ್ಸ್ ಹುಟ್ಟಿದ್ದು ಕುದುರೆ ಪಡೆಯಾಗಿ, ಈಗ ಅದು ಟ್ಯಾಂಕ್ ರೆಜಿಮೆಂಟ್.

ಪೇಶ್ವೆಯ ಸೈನ್ಯ ಅಲ್ಲ. ಆದರೆ ಖರ್ಚು ಪೇಶ್ವೆಯದೇ! ಯುದ್ಧ ಬಂದರೆ ಪೇಶ್ವೆ ಎರಡನೇ ಬಾಜೀರಾವ್ ಕಂಪನಿ ಸರ್ಕಾರಕ್ಕೆ ಸವಾರರನ್ನು ಕಳಿಸಬೇಕು ಅಂತ 1802ರ ವಸಾಯಿ ಒಪ್ಪಂದದಲ್ಲಿತ್ತು. 1817ರ ಜೂನ್‌ನಲ್ಲಿ ಬ್ರಿಟಿಷರು ಪಟ್ಟು ಬದಲಿಸಿದರು. ನಿನ್ನ ಸವಾರರು ಬೇಡ, ಸೀಮೆ ಬಿಟ್ಟುಕೊಡು, ಪಡೆ ನಾವೇ ಕಟ್ಟುತ್ತೇವೆ ಅಂದರು. ಹಾಗೆ ಕೈಬಿಟ್ಟ ಸೀಮೆಯ ವರ್ಷದ ಹುಟ್ಟುವಳಿ 34 ಲಕ್ಷ ರೂಪಾಯಿ. ಅದರಲ್ಲಿ ಧಾರವಾಡವೂ ಇತ್ತು. ಆಗ ಕಟ್ಟಿದ್ದೇ ಪೂನಾ ಆಕ್ಸಿಲಿಯರಿ ಹಾರ್ಸ್, ಅಂದರೆ ಸಹಾಯಕ ಕುದುರೆ ಪಡೆ. ಅದೇ ಮುಂದೆ ಪೂನಾ ಹಾರ್ಸ್ ಆಯಿತು. ಅಂದರೆ ನಮ್ಮ ಕಡೆಯ ರೈತರ ಕಂದಾಯಕ್ಕೂ ಈ ರೆಜಿಮೆಂಟಿನ ಹುಟ್ಟಿಗೂ ನಂಟಿದೆ. ಇದನ್ನು ಜಾಸ್ತಿ ಜನ ಹೇಳುವುದಿಲ್ಲ, ನನಗೆ ಅದೇ ಬೇಸರ. ಮರುವರ್ಷ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬಾದಾಮಿ, ಬೆಳಗಾವಿ ಕೋಟೆಗಳನ್ನೂ ಹಿಡಿದ. ಅಲ್ಲಿಗೆ ಪೇಶ್ವೆಯ ಆಟ ಮುಗಿಯಿತು.

1857ರಲ್ಲಿ ಪರ್ಷಿಯಾದ ಖುಶಾಬ್, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಹೀಗೆ ಪೂನಾ ಹಾರ್ಸ್ ಹಲವು ಕಡೆ ಕಾದಾಡಿತು. 1921ರಲ್ಲಿ ಇನ್ನೊಂದು ಹಳೆಯ ಕುದುರೆ ಪಡೆ ಇದರಲ್ಲಿ ಸೇರಿತು. ಆಮೇಲೆ ಕುದುರೆ ಹೋದವು, ಹೆಸರು ಮಾತ್ರ ಉಳಿಯಿತು.

ನೀವು ಓದಲೇಬೇಕಾದ್ದು 1965ರ ಪಾಕಿಸ್ತಾನ ಯುದ್ಧದ ಕಥೆ. ಆಗ ಕಮಾಂಡರ್ ಆಗಿದ್ದವರು ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್. ಹೈದರಾಬಾದ್ ಸಂಸ್ಥಾನದ ಸೈನ್ಯದಿಂದ ಬಂದವರು. ಸೆಪ್ಟೆಂಬರ್ 11ರಂದು ಪಾಕಿಸ್ತಾನದ ಫಿಲ್ಲೋರಾ ಹತ್ತಿರ ಗಾಯವಾಯಿತು. ಹಿಂದಕ್ಕೆ ಹೋಗಿ ಅಂದರೂ ಹೋಗಲಿಲ್ಲ. ಆ ಗಾಯದಲ್ಲೇ ವಜೀರ್‌ವಾಲಿ, ಜಸ್ಸೋರನ್, ಬುತೂರ್ ಡೋಗ್ರಾಂಡಿ ಹಿಡಿಯುವ ತನಕ ಮುಂದೆ ನಿಂತರು. ರೆಜಿಮೆಂಟ್ 9 ಟ್ಯಾಂಕ್ ಕಳೆದುಕೊಂಡು ಶತ್ರುವಿನ 60 ಟ್ಯಾಂಕ್ ಹೊಡೆಯಿತು ಅಂತ ಅವರ ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿದೆ. 16ರಂದು ಅವರು ಹುತಾತ್ಮರಾದರು. ಆ ಐದಾರು ದಿನದ ಕಥೆ ಓದುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಆರು ವರ್ಷದ ನಂತರ, 1971ರ ಪಾಕಿಸ್ತಾನ ಯುದ್ಧದಲ್ಲಿ, ಬಸಂತರ್ ಕಾಳಗ. 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ರೆಜಿಮೆಂಟ್ ಸೇರಿ ಆರು ತಿಂಗಳಾಗಿತ್ತು ಅಷ್ಟೇ. ಟ್ಯಾಂಕಿಗೆ ಬೆಂಕಿ ಹತ್ತಿತ್ತು. ಇಳಿ ಅಂತ ವೈರ್‌ಲೆಸ್‌ನಲ್ಲಿ ಹೇಳಿದರೂ ಇಳಿಯಲಿಲ್ಲ, ಗನ್ ಇನ್ನೂ ನಡೆಯುತ್ತಿದೆ ಅಂದರು. ಅವರಿಗೂ ಪರಮವೀರ ಚಕ್ರ ಬಂತು. ನಮ್ಮ ಟ್ಯಾಂಕ್ ಪಡೆಗಳಿಗೆ ಇದುವರೆಗೆ ಸಿಕ್ಕ ಪರಮವೀರ ಚಕ್ರ ಈ ಎರಡೇ, ಎರಡೂ ಪೂನಾ ಹಾರ್ಸ್‌ನವು.