ನಮ್ಮಲ್ಲಿಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಲ್ಲ

ಓದುಗರ ಪ್ರಶ್ನೆ, ನಿವೃತ್ತ ಗ್ರಂಥಪಾಲಕರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹಾಸನ, ಚಿಕ್ಕಮಗಳೂರು ಕಡೆಯವು. ಎಲ್ಲರ ಗೋಳೂ ಹೆಚ್ಚುಕಡಿಮೆ ಒಂದೇ: ಬೇಕಾದ್ದು ನಮ್ಮ ಲೈಬ್ರರಿಯಲ್ಲಿ ಇಲ್ಲ. ಹಾಸನದ ಒಂದು ಕಾಲೇಜಿನಲ್ಲಿ ಕೂತು ಇದೇ ಮಾತನ್ನು ವರ್ಷಗಟ್ಟಲೆ ಕೇಳಿದವನು ನಾನು. ಹಾಗಾಗಿ ಕೆಲವು ಉತ್ತರ ಉದ್ದ ಆಗುತ್ತವೆ, ಸಹಿಸಿಕೊಳ್ಳಿ.

ಕಾಫಿ ಗಿಡದ ಬಿಳಿ ಕಾಂಡಕೊರಕದ ಮೇಲೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೇಕಾದ ಒಂದು ಲೇಖನಕ್ಕೆ ವೆಬ್‌ಸೈಟ್ 40 ಡಾಲರ್ ಕೇಳುತ್ತಿದೆ. ಕಟ್ಟಲೇಬೇಕಾ?
– ಸಂಶೋಧನಾ ವಿದ್ಯಾರ್ಥಿನಿ, ಮೂಡಿಗೆರೆ

ಕಟ್ಟಬೇಡಿ. ಮೊದಲು ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಫೋನ್ ಮಾಡಿ, 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಲಾಗಿನ್ ಹೇಗೆ ಅಂತ ಕೇಳಿ. ಎಲ್ಲರ ಪರವಾಗಿ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ಯೋಜನೆ ಇದು. ಕೇಂದ್ರ ಸಂಪುಟ ಇದಕ್ಕೆ ಒಪ್ಪಿದ್ದು 2024ರ ನವೆಂಬರ್‌ನಲ್ಲಿ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಸಂಶೋಧನಾ ಪತ್ರಿಕೆಗಳು. ಓದುವ ಹಕ್ಕು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. 2025ರ ಜನವರಿಯಿಂದ ಶುರುವಾಗಿದೆ.

ಇದರ ಹಿಂದಿನ ಲೆಕ್ಕ ಸಂತೆಗೆ ಹೋದವರಿಗೆಲ್ಲ ಗೊತ್ತಿರುವುದೇ. ಒಬ್ಬನೇ ಹೋಗಿ ಅರ್ಧ ಕೆಜಿ ಕೇಳಿದರೆ ಅವನು ಹೇಳಿದ್ದೇ ರೇಟು. ಮೊದಲು ನಾವೆಲ್ಲ ಹಾಗೇ ಬೇರೆ ಬೇರೆ ಹೋಗಿ ಚಂದಾ ಕಟ್ಟುತ್ತಿದ್ದೆವು. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಏಜೆಂಟ್ 'ಈ ರೇಟು ಪಕ್ಕದ ಕಾಲೇಜಿಗೆ ಹೇಳಬೇಡಿ ಸಾರ್' ಅಂತ ಪಿಸುಗುಡುತ್ತಿದ್ದ. ಪಕ್ಕದ ಕಾಲೇಜಲ್ಲೂ ಅದನ್ನೇ ಹೇಳಿದ್ದ ಅಂತ ಆಮೇಲೆ ತಿಳಿಯಿತು. ಇಡೀ ದೇಶದ ಪರವಾಗಿ ಒಂದೇ ಕಡೆ ಚೌಕಾಸಿ ಮಾಡಿದರೆ ಆ ಪಿಸುಮಾತಿಗೆ ಜಾಗ ಇರುವುದಿಲ್ಲ.

ಅಲ್ಲೂ ಸಿಗಲಿಲ್ಲವಾ? ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ಬಹಳ ಜನ ಖುಷಿಯಿಂದ ಕಳಿಸುತ್ತಾರೆ, ಪಾಪ, ಅವರ ಲೇಖನ ಕೇಳುವವರು ಬೇರೆ ಯಾರಿರುತ್ತಾರೆ! ಇನ್ನೊಂದು, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಿಮಗೆ ಹತ್ತಿರದಲ್ಲೇ ಇದೆ. 1925ರಿಂದ ಅವರಿಗೆ ಕಾಫಿಯದ್ದೇ ಕೆಲಸ. ಅಮೆರಿಕದ ವೆಬ್‌ಸೈಟ್ ನೋಡುವ ಮೊದಲು ಅಲ್ಲಿಗೊಂದು ಸಲ ಬಸ್ ಹತ್ತಿ.

ನಮ್ಮದು ಖಾಸಗಿ ಕಾಲೇಜು. ನಮಗೆ ಆ ಚಂದಾ ಇಲ್ಲವಂತೆ. ಹಾಗಾದರೆ ನಾವೇನು ಮಾಡಬೇಕು?
– ಉಪನ್ಯಾಸಕ, ಅರಸೀಕೆರೆ

ಹೌದು, ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಇದು ನನಗೂ ಬೇಸರದ ವಿಷಯವೇ. ನಿಮ್ಮ ಕಾಲೇಜು ಗುಜರಾತಿನ ಗಾಂಧಿನಗರದಲ್ಲಿರುವ ಲೈಬ್ರರಿ ಜಾಲದ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್‌ಗೆ ಸೇರಿದೆಯಾ ನೋಡಿ, ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಯೋಜನೆ ಅದು. ಅದೇ ಸಂಸ್ಥೆಯ ಶೋಧಗಂಗಾದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳಿವೆ, ಅದಕ್ಕೆ ಸದಸ್ಯತ್ವವೂ ಬೇಡ, ದುಡ್ಡೂ ಬೇಡ. ದೆಹಲಿಯಲ್ಲಿ 1988ರಲ್ಲಿ ಶುರುವಾದ ಲೈಬ್ರರಿಗಳ ಜಾಲ ಡೆಲ್‌ನೆಟ್‌ಗೆ ಸೇರಿದರೆ ಬೇರೆ ಲೈಬ್ರರಿಯ ಪುಸ್ತಕವನ್ನೇ ಎರವಲು ತರಿಸಬಹುದು. ಸ್ವಂತ ಸಂಶೋಧನೆಗೆ ಒಂದು ಲೇಖನದ ಪ್ರತಿ ಮಾಡಿಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯಲ್ಲೂ ಅವಕಾಶ ಇದೆ.

ನನಗೆ ಒಮ್ಮೆ ಹೀಗೆ ದೂರದ ಲೈಬ್ರರಿಯೊಂದರಿಂದ ಹನ್ನೊಂದು ಪುಟದ ಸ್ಕ್ಯಾನ್ ಬಂತು. ಐದನೇ ಪುಟದ ಮೂಲೆಯಲ್ಲಿ ಒಂದು ಹೆಬ್ಬೆರಳು, ಉಗುರಿನ ಕೆಂಪು ಬಣ್ಣ ಅರ್ಧ ಹೋಗಿತ್ತು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಆಕೆ ಕಪಾಟು ಹತ್ತಿ, ಧೂಳು ಒರೆಸಿ, ಪುಟ ಒತ್ತಿ ಹಿಡಿಯದಿದ್ದರೆ ನಮ್ಮ ಹುಡುಗನ ಅಧ್ಯಾಯ ಮುಗಿಯುತ್ತಿರಲಿಲ್ಲ.

ಅಜ್ಜನ ಎರಡು ಟ್ರಂಕ್ ತುಂಬಾ ಪುಸ್ತಕ, ಹಳೆಯ 'ಪ್ರಬುದ್ಧ ಕರ್ಣಾಟಕ', ತೋಟದ ಲೆಕ್ಕದ ಪುಸ್ತಕಗಳು, ಇನ್ನೂ ಏನೇನೋ ಇವೆ. ಯಾವುದಾದರೂ ದೊಡ್ಡ ಲೈಬ್ರರಿಗೆ ಕೊಟ್ಟುಬಿಡೋಣ ಅಂತ. ಯಾರಿಗೆ ಕೊಡಲಿ?
– ಸಕಲೇಶಪುರದ ಒಬ್ಬ ಓದುಗರು

ಕೊಡಿ, ಆದರೆ ಹಾಗೇ ಸುಮ್ನೆ ಲಾರಿಗೆ ಹೇರಬೇಡಿ. ಮೊದಲು ಒಂದು ಪಟ್ಟಿ ಮಾಡಿ: ಹೆಸರು, ಊರು, ಇಸವಿ, ಎಲ್ಲಿ ಹರಿದಿದೆ. ಮಳೆಗಾಲಕ್ಕೆ ಮುಂಚೆ ಮಾಡಿ, ಸಕಲೇಶಪುರದ ಬೂಷ್ಟಿನ ಬಗ್ಗೆ ನಿಮಗೆ ನಾನು ಹೇಳಬೇಕಾ.

ಪಟ್ಟಿ ಯಾಕೆ ಅಂದರೆ, ದೊಡ್ಡ ಲೈಬ್ರರಿಗಳ ಹತ್ತಿರ ದೊಡ್ಡ ಪುಸ್ತಕಗಳು ಆಗಲೇ ಇರುತ್ತವೆ. ನಿಮ್ಮ ಅಜ್ಜನ ಟ್ರಂಕಿನಲ್ಲಿ ರೈಸ್ ಸಾಹೇಬರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಸಂಪುಟ ಇತ್ತು ಅಂತಿಟ್ಟುಕೊಳ್ಳಿ, 1902ರದ್ದು. ಚೆಂದದ ಪುಸ್ತಕವೇ. (ಅದರಲ್ಲಿ ಹಲ್ಮಿಡಿ ಶಾಸನ ಹುಡುಕಬೇಡಿ, ಅದು ಬೆಳಕಿಗೆ ಬಂದಿದ್ದು 1936ರಲ್ಲಿ.) ಆದರೆ ಅದು ಬೇರೆ ಕಡೆಯೂ ಉಂಟು. ಎಲ್ಲೂ ಇಲ್ಲದಿರುವುದು ಆ ತೋಟದ ಲೆಕ್ಕ, ಸಹಕಾರ ಸಂಘದ ವರದಿ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ. ನಾಳೆ ಯಾರಾದರೂ ಮಲೆನಾಡಿನ ಕೂಲಿ ದರದ ಬಗ್ಗೆ ಬರೆಯಲು ಹೊರಟರೆ ಅವರು ನಿಮ್ಮ ಮನೆಗೇ ಬರಬೇಕು.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಯಾರೋ ಕೊಟ್ಟ ಹಳೆಯ ಸ್ಮರಣ ಸಂಚಿಕೆಗಳನ್ನು ಬೈಂಡ್ ಮಾಡಿಸುವಾಗ, ದಪ್ಪ ಆಗುತ್ತೆ ಅಂತ ಜಾಹೀರಾತಿನ ಪುಟ ಎಲ್ಲ ಕಿತ್ತು ಹಾಕಿಸಿದೆ. ಎರಡು ವರ್ಷದ ಮೇಲೆ ಒಬ್ಬ ಹುಡುಗಿ ಬಂದು ಕೇಳಿದ್ದು ಅದನ್ನೇ: ಹಾಸನದ ಹಳೆಯ ಅಂಗಡಿಗಳ ಜಾಹೀರಾತು.

ಹೊರಗಿನವರು ಹಳೆಯ ಪುಸ್ತಕ ಕಾಪಾಡುವ ಈ ಕೆಲಸವನ್ನು ಪಾಲು ಮಾಡಿಕೊಂಡು ನಡೆಸಿದ್ದಾರೆ. 1949ರಲ್ಲಿ ಅಮೆರಿಕದ ಹತ್ತು ವಿಶ್ವವಿದ್ಯಾಲಯಗಳು ಸೇರಿ ಷಿಕಾಗೊದಲ್ಲಿ ಒಂದು ಉಗ್ರಾಣ ಮಾಡಿಕೊಂಡವು. ಅಪರೂಪಕ್ಕೆ ಬೇಕಾಗುವ ಪುಸ್ತಕ ಎಲ್ಲರ ಪರವಾಗಿ ಅಲ್ಲೊಂದು ಇರಲಿ, ಹತ್ತು ಕಡೆ ಬೇಡ ಅಂತ. ಅದು ಈಗ ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್. ಇನ್ನೂ ತಮಾಷೆಯದ್ದು ಪಿಎಲ್-480 ಅನ್ನುವ ಅಮೆರಿಕದ ಕಾಯ್ದೆಯದ್ದು. ಆ ಕಾಲದಲ್ಲಿ ನಾವು ತಿಂದ ಅಮೆರಿಕದ ಗೋಧಿಗೆ ರೂಪಾಯಿಯಲ್ಲಿ ದುಡ್ಡು ಕೊಟ್ಟೆವಲ್ಲ, ಅದು ಇಲ್ಲೇ ಉಳಿದಿತ್ತು. 1962ರಿಂದ ಅದರಲ್ಲಿ ಒಂದು ಪಾಲನ್ನು ಭಾರತದ ಪುಸ್ತಕ ಕೊಳ್ಳಲು ಖರ್ಚು ಮಾಡಿದರು. ಕನ್ನಡ ಪುಸ್ತಕಗಳೂ ಅವರ ದೆಹಲಿಯ ಕಚೇರಿ ಮೂಲಕ ಹಡಗು ಹತ್ತಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೋದವು. ಇಲ್ಲಿ ಗೆದ್ದಲು ತಿಂದ ಪುಸ್ತಕ ಅಲ್ಲಿನ ಕ್ಯಾಟಲಾಗ್‌ನಲ್ಲಿ ಕಂಡಾಗ ನನಗೆ ಸಂತೋಷಕ್ಕಿಂತ ನಾಚಿಕೆಯೇ ಜಾಸ್ತಿ ಆಗುತ್ತದೆ.

ಆ ಪಟ್ಟಿಯನ್ನು ಮೂರು ಲೈಬ್ರರಿಗೆ ಕಳಿಸಿ. 'ಇದರಲ್ಲಿ ನಿಮ್ಮಲ್ಲಿ ಇಲ್ಲದ್ದು ಯಾವುದು?' ಅಂತ ಕೇಳಿ. ಇಲ್ಲದವರಿಗೆ ಕೊಡಿ. ಲೆಕ್ಕದ ಪುಸ್ತಕ ಕೊಡುವ ಮೊದಲು ಸ್ಕ್ಯಾನ್ ಮಾಡಿಸಿ.

ಮೂರು ದಿನದಲ್ಲಿ ನಿಮ್ಮ ಲೇಖನ ಪ್ರಕಟಿಸುತ್ತೇವೆ, 3,500 ರೂಪಾಯಿ ಕಳಿಸಿ ಅಂತ ವಾಟ್ಸ್ಆ್ಯಪ್ ಬಂದಿದೆ. ನಂಬಬಹುದಾ?
– ಅತಿಥಿ ಉಪನ್ಯಾಸಕಿ, ಚಿಕ್ಕಮಗಳೂರು

ಮೂರು ದಿನದಲ್ಲಿ ಇಡ್ಲಿ ಹಿಟ್ಟು ಹುಳಿ ಬರುತ್ತದೆ, ಲೇಖನದ ಪರಿಶೀಲನೆ ಆಗುವುದಿಲ್ಲ. ಬಿಟ್ಟುಬಿಡಿ. ಪಿಎಚ್‌ಡಿ ಸಲ್ಲಿಸುವ ಮುಂಚೆ ಲೇಖನ ಪ್ರಕಟವಾಗಿರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಇಟ್ಟುಕೊಂಡಿದೆ ನೋಡಿ, ಗಾಬರಿ ಬೇಡ. ಒಪ್ಪಬಹುದಾದ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿಯೂ 2025ರ ಫೆಬ್ರುವರಿಯಲ್ಲಿ ನಿಂತುಹೋಯಿತು. 'ಕೇರ್ ಪಟ್ಟಿಯಲ್ಲಿದ್ದೇವೆ' ಅಂತ ಇವತ್ತಿಗೂ ಹೇಳುವವರನ್ನು ಕಂಡರೆ ದೂರ ಇರಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಫೋನ್ ಮಾಡಿ ನೋಡಿ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಹಾಗಂತ ದುಡ್ಡು ಕೇಳಿದವರೆಲ್ಲ ಕಳ್ಳರಲ್ಲ. ಓದುಗರಿಗೆ ಉಚಿತ ಬಿಡಲು 'ನೇಚರ್' ಪತ್ರಿಕೆ 2020ರಲ್ಲಿ ಒಂದು ಲೇಖನಕ್ಕೆ 9,500 ಯೂರೊ ದರ ಹೇಳಿತು. ಅದು ಮೋಸ ಅಲ್ಲ, ಅನ್ಯಾಯ ಅಂತ ಬೇಕಾದರೆ ಹೇಳಿ. ಮೊದಲು ಓದುವವರ ಜೇಬಿಗೆ ಕೈ, ಈಗ ಬರೆಯುವವರ ಜೇಬಿಗೆ.

ಇದಕ್ಕೆ ಲೈಬ್ರರಿಗಳೇ ಕಂಡುಕೊಂಡ ಒಂದು ದಾರಿ ನನಗೆ ತುಂಬಾ ಇಷ್ಟ. ಕಣ ಭೌತಶಾಸ್ತ್ರದ ಪತ್ರಿಕೆಗಳಿಗೆ 2014ರಿಂದ ಸ್ಕೋಪ್-3 ಅಂತ ಒಂದು ಒಕ್ಕೂಟ ನಡೆಯುತ್ತಿದೆ, ಜಿನೀವಾದ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಅದರ ಮನೆ. ಚಂದಾಕ್ಕೆ ಕೊಡುತ್ತಿದ್ದ ದುಡ್ಡನ್ನೇ ಲೈಬ್ರರಿಗಳು ಒಂದು ಕಡೆ ಹಾಕಿ ಪ್ರಕಾಶಕರಿಗೆ ಕೊಡುತ್ತವೆ. ಬರೆಯುವವರೂ ಕಟ್ಟಬೇಕಿಲ್ಲ, ಓದುವವರೂ ಕಟ್ಟಬೇಕಿಲ್ಲ. ಊರ ಜಾತ್ರೆಗೆ ವಂತಿಗೆ ಎತ್ತುತ್ತೇವಲ್ಲ, ಅದೇ. ದಾರಿಹೋಕನಿಗೂ ಊಟ ಉಂಟು, ನಿನ್ನ ವಂತಿಗೆ ಎಲ್ಲಿ ಅಂತ ಎಲೆ ಮುಂದೆ ಯಾರೂ ಕೇಳುವುದಿಲ್ಲ.

ನಮ್ಮೂರಿನ ನಾಲ್ಕು ಕಾಲೇಜುಗಳು ಸೇರಿ ಪುಸ್ತಕ ಹಂಚಿಕೊಳ್ಳೋಣ ಅಂತ ಹೊರಟಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ನಮ್ಮ ಗ್ರಂಥಪಾಲಕರಂತೂ ಪುಸ್ತಕ ಹೊರಗೆ ಬಿಡುವುದೇ ಇಲ್ಲ!
– ಕನ್ನಡ ಅಧ್ಯಾಪಕ, ಚಿಕ್ಕಮಗಳೂರು

ಪುಸ್ತಕ ಆಮೇಲೆ, ಮೊದಲು ಕ್ಯಾಟಲಾಗ್ ಹಂಚಿಕೊಳ್ಳಿ. ಈಗ ಪ್ರಪಂಚದ ಲೈಬ್ರರಿಗಳನ್ನೆಲ್ಲ ಹುಡುಕಿಕೊಡುವ ವರ್ಲ್ಡ್‌ಕ್ಯಾಟ್ ಇದೆಯಲ್ಲ, ಅದನ್ನು ನಡೆಸುವ ಒಸಿಎಲ್‌ಸಿ ಶುರುವಾಗಿದ್ದು 1967ರಲ್ಲಿ, ಒಹಾಯೊ ಅನ್ನುವ ಒಂದೇ ರಾಜ್ಯದ ಕಾಲೇಜುಗಳಿಂದ. ಲೈಬ್ರರಿ ಕ್ಯಾಟಲಾಗ್ ಮಾಡುವ ಕೋಹಾ ತಂತ್ರಾಂಶ ಉಚಿತ.

ಕಷ್ಟ ಇರುವುದು ಕನ್ನಡದಲ್ಲಿ. ನಾಲ್ಕು ಕಡೆ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿರುತ್ತಾರೆ. 'ಶಾಸನ'ಕ್ಕೆ ಒಬ್ಬರು ಒಂದು 'ಎ', ಇನ್ನೊಬ್ಬರು ಎರಡು 'ಎ', ಮತ್ತೊಬ್ಬರು 'ಎಚ್' ಬಿಟ್ಟು. ಕಂಪ್ಯೂಟರಿಗೆ ಅದು ಮೂರು ಪುಸ್ತಕ! ಹಳೆಯ ನುಡಿ ಫಾಂಟಿನ ಪಟ್ಟಿಗಳು ಹೊಸ ಯಂತ್ರದಲ್ಲಿ ಚಿತ್ರಲಿಪಿ ಆಗುತ್ತವೆ. ಎಲ್ಲವನ್ನೂ ಯುನಿಕೋಡ್ ಕನ್ನಡಕ್ಕೆ ತನ್ನಿ. ಒಂದು ಬೇಸಿಗೆ ರಜೆ ಇದಕ್ಕೇ ಹೋಗುತ್ತದೆ, ಹೋಗಲಿ.

ಇನ್ನು ನಿಮ್ಮ ಗ್ರಂಥಪಾಲಕರು. ಅವರು ಜಿಪುಣರಲ್ಲ, ಹೆದರಿದ್ದಾರೆ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯ ನಮ್ಮ ಜಾತಿಗೇ ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಏನು ಹೇಳುತ್ತವೆ ಗೊತ್ತಾ? ವರ್ಷಕ್ಕೆ ಎರವಲು ಕೊಟ್ಟ ಅಥವಾ ಓದಲು ತೆಗೆದ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಮೋಸ, ನಿರ್ಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ನಷ್ಟ. ನಿಮ್ಮ ಆಡಳಿತ ಮಂಡಳಿಗೆ ಈ ನಿಯಮ ನೇರವಾಗಿ ಅನ್ವಯಿಸದೆ ಇರಬಹುದು, ಆದರೆ ಇಂಥದ್ದೇ ಒಂದು ಠರಾವು ಮಾಡಿಸಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಅದರ ಪ್ರತಿಯನ್ನು ಅವರ ಮೇಜಿನ ಗಾಜಿನ ಕೆಳಗೆ ಇಡಿ. ಆಮೇಲೆ ಪುಸ್ತಕ ಕೇಳಿ ನೋಡಿ.