ವಿಲಿಯಂ ಗಿಬ್ಸನ್ ಇಂಟರ್ನೆಟ್ಟನ್ನು ಮೊದಲೇ ಊಹಿಸಿದ್ದರೇ?
ಇಲ್ಲ ಎನ್ನುತ್ತೇನೆ, ಈ ವೈಜ್ಞಾನಿಕ ಕಥೆಗಾರರ ಬರಹವನ್ನು ಬಹಳ ಇಷ್ಟಪಡುವವನಾಗಿಯೇ. 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯಲ್ಲಿ ಮಿದುಳನ್ನೇ ಕಂಪ್ಯೂಟರ್ ಜಾಲಕ್ಕೆ ಜೋಡಿಸಿಕೊಳ್ಳುವವರಿದ್ದಾರೆ, ಆದರೆ ಯಾರ ಜೇಬಿನಲ್ಲೂ ಮೊಬೈಲ್ ಇಲ್ಲ. ನಾಯಕ ಹೋಟೆಲಿನಲ್ಲಿ ಹಾದುಹೋಗುತ್ತಿದ್ದಂತೆ ಸಾಲಾಗಿರುವ ಸಾರ್ವಜನಿಕ ಫೋನ್‌ಗಳು ಒಂದಾದ ಮೇಲೊಂದು ರಿಂಗಣಿಸುತ್ತವೆ. ಮೈ ಜುಮ್ಮೆನ್ನಿಸುವ ದೃಶ್ಯ ಅದು, ಆದರೆ ಮುಂದಿನ ಕಾಲವನ್ನು ಕಂಡವರು ಹಾಗೆ ಬರೆಯುತ್ತಿರಲಿಲ್ಲ. ಆ ಪುಸ್ತಕವನ್ನು ಅವರು ಬರೆದದ್ದೂ ಹಳೆಯ ಟೈಪ್‌ರೈಟರಿನಲ್ಲಿ.

ಅವರು ಕೊಟ್ಟದ್ದು ಒಂದು ಪದ, ಸೈಬರ್‌ಸ್ಪೇಸ್. ಅದು ಮೊದಲು ಬಂದದ್ದು 1982ರ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ. ವ್ಯಾಂಕೂವರಿನ ವಿಡಿಯೊ ಗೇಮ್ ಅಂಗಡಿಗಳಲ್ಲಿ ಹುಡುಗರು ಯಂತ್ರದೊಳಕ್ಕೇ ಹೊಕ್ಕುಬಿಡುವಂತೆ ಬಾಗಿ ನಿಂತಿದ್ದನ್ನು ಗಿಬ್ಸನ್ ನೋಡಿದರಂತೆ. ಪರದೆಯ ಹಿಂದೆ ಒಂದು ಜಾಗವಿದೆ ಎಂದು ಆ ಹುಡುಗರು ನಂಬಿದಂತಿತ್ತು. ಆ ಜಾಗಕ್ಕೆ ಗಿಬ್ಸನ್ ಇನ್ಫೋಸ್ಪೇಸ್, ಡೇಟಾಸ್ಪೇಸ್ ಎಂದೆಲ್ಲ ಹೆಸರಿಟ್ಟು ನೋಡಿ, ಬಿಟ್ಟು, ಕೊನೆಗೆ ಇದನ್ನು ಹಿಡಿದರು. ಕೇಳಿದರೆ ಏನೇನೋ ಹೊಳೆಯುತ್ತದೆ, ಅರ್ಥ ಮಾತ್ರ ಇಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು.

ಪ್ರಭಾವ ಇರುವುದು ಇಲ್ಲೇ. ಕೇಬಲ್ಲುಗಳನ್ನೂ ಕೊಠಡಿ ತುಂಬ ಸರ್ವರ್‌ಗಳನ್ನೂ ನಾವು ‘ಜಾಗ’ ಎಂದು ಕಲ್ಪಿಸಿಕೊಳ್ಳುವಂತೆ ಆ ಪದ ಮಾಡಿತು. ಜಾಗವೆಂದ ಮೇಲೆ ಗಡಿ, ಒಡೆತನ, ಪೊಲೀಸು ಎಲ್ಲವೂ ಹಿಂದೆಯೇ ಬರುತ್ತವೆ. 1996ರಲ್ಲಿ ಇಂಟರ್ನೆಟ್ ಸ್ವಾತಂತ್ರ್ಯದ ಪರ ಹೋರಾಡುತ್ತಿದ್ದ ಜಾನ್ ಪೆರಿ ಬಾರ್ಲೊ ಸ್ವಿಟ್ಜರ್ಲೆಂಡಿನ ದಾವೋಸ್‌ನಿಂದ ‘ಸೈಬರ್‌ಸ್ಪೇಸಿನ ಸ್ವಾತಂತ್ರ್ಯ ಘೋಷಣೆ’ ಹೊರಡಿಸಿ, ಇಲ್ಲಿ ಸರ್ಕಾರಗಳಿಗೆ ಅಧಿಕಾರವಿಲ್ಲ ಎಂದರು. ನಾಲ್ಕೇ ವರ್ಷದಲ್ಲಿ, 2000ದಲ್ಲಿ, ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು.

ಹೋದ ವರ್ಷ ನಮ್ಮ ಅಮ್ಮ ಫೋನಿನಲ್ಲಿ ಒಟಿಪಿ ಹೇಳಿ ಹಣ ಕಳೆದುಕೊಂಡರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಠಾಣೆಯಲ್ಲಿ ದೂರು ಬರೆಯಲು ಕುಳಿತಾಗ ‘ಕೃತ್ಯ ನಡೆದ ಸ್ಥಳ’ ಎಂಬಲ್ಲಿ ನನ್ನ ಪೆನ್ನು ನಿಂತಿತು. ಅಮ್ಮ ಅಡುಗೆಮನೆಯಲ್ಲಿದ್ದರು, ಕುಕ್ಕರು ಎರಡನೇ ಸೀಟಿ ಹಾಕಿತ್ತು. ಕರೆ ಮಾಡಿದವನು ಎಲ್ಲಿದ್ದನೋ, ಹಣ ಯಾವ ಊರಿನ ಖಾತೆಗೆ ಹೋಯಿತೋ. ಪರದೆಯ ಹಿಂದಿನ ಜಾಗ ಎಂದು ಬರೆಯುವಂತಿರಲಿಲ್ಲ. ಮನೆಯ ವಿಳಾಸವನ್ನೇ ಬರೆದೆ. ಗಿಬ್ಸನ್ ಕಟ್ಟಿದ ಪದ ನಮ್ಮ ಯೋಚನೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಗೊತ್ತಾದದ್ದು ಆ ಬೆಂಚಿನ ಮೇಲೆ.

ನೀವು ಓದುವುದಾದರೆ ‘ಬರ್ನಿಂಗ್ ಕ್ರೋಮ್’ನಿಂದ ಶುರುಮಾಡಿ. ಚಿಕ್ಕ ಕಥೆ, ಒಂದು ಸಂಜೆಗೆ ಮುಗಿಯುತ್ತದೆ.